ಕೋವಿಯ ಕುಲುಮೆ: ಕಡಿದುಹೋದ ಕೈವಿದ್ಯೆಯೊಂದರ ಮರುಹುಟ್ಟು

ಕನ್ನಡದಲ್ಲಿ ಬಂದೂಕಿಗೆ ಮೂರು ಹೆಸರುಗಳು ರೂಢಿಯಲ್ಲಿವೆ. ‘ಬಂದೂಕು’ ಎಂಬುದು ಅರಬ್ಬಿ ಮೂಲದ ಪದ. ಪಾರಸಿಯ ದಾರಿಯಿಂದ ನಮ್ಮಲ್ಲಿಗೆ ಬಂದುದು. ‘ತುಪಾಕಿ’ ತುರ್ಕಿಯ ನಂಟುಳ್ಳದ್ದು. ‘ಕೋವಿ’ ಮಾತ್ರ ಅಚ್ಚ ದೇಶ್ಯ. ಅದರ ಮೂಲಾರ್ಥ ಕೊಳವೆ, ಟೊಳ್ಳಾದ ನಳಿಗೆ. ಹೊರನಾಡಿನಿಂದ ಬಂದ ಈ ಆಯುಧವನ್ನು ಕಂಡ ಕನ್ನಡಿಗನು ಅದರ ಸದ್ದನ್ನಾಗಲಿ ಬೆಂಕಿಯನ್ನಾಗಲಿ ಹಿಡಿದು ಹೆಸರಿಡಲಿಲ್ಲ; ಅದರ ಟೊಳ್ಳನ್ನು ಹಿಡಿದು ಹೆಸರಿಟ್ಟನು. ಕೋವಿ ಕಟ್ಟುವವನ ಕಷ್ಟವೆಲ್ಲ ಆ ಟೊಳ್ಳಿನಲ್ಲಿಯೇ ಅಡಗಿರುವುದನ್ನು ನೋಡಿದರೆ ಈ ನಾಮಕರಣ ಎಷ್ಟು ಸಾರ್ಥಕವೆಂಬುದು ತಿಳಿಯುತ್ತದೆ.

ಮಲೆನಾಡು ಮತ್ತು ಕೊಡಗಿನ ಹಿರಿಯರಿಗೆ ಬಾಯಿಯಿಂದ ಈಡು ತುಂಬುವ ಕೋವಿ ಅಪರಿಚಿತವಲ್ಲ. ನಳಿಗೆಯ ಬಾಯಿಗೆ ಮದ್ದು ಸುರಿದು, ಗುಂಡನ್ನಿಟ್ಟು, ಗಜವೆಂಬ ನೀಳ ಕೋಲಿನಿಂದ ಜಡಿದು ಕೂರಿಸುವ ಕ್ರಮವನ್ನು ಅವರು ಬಲ್ಲರು. ಆದರೆ ಅಂತಹ ಕೋವಿಯೊಂದನ್ನು ಕಬ್ಬಿಣದ ಪಟ್ಟಿ ಮತ್ತು ಮರದ ದಿಮ್ಮಿಯಿಂದ ಮೊದಲ್ಗೊಂಡು ಕೈಯಿಂದಲೇ ನಿರ್ಮಿಸುವ ವಿದ್ಯೆ ಬೇರೆಯದು. ಆ ವಿದ್ಯೆ ಅಮೆರಿಕದಲ್ಲಿ ಹುಟ್ಟಿ ಬೆಳೆದು, ಕಡಿದುಹೋಗಿ, ಮತ್ತೆ ಚಿಗುರಿದ ಕಥೆ ಕಲಿಯುವ ಮತ್ತು ಕಲಿಸುವ ಎಲ್ಲರ ಮನನಕ್ಕೂ ಯೋಗ್ಯವಾದುದು.

ನೀಳ ಕೋವಿಯ ಹುಟ್ಟು

18ನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ಭಾಷೆಯ ನಾಡುಗಳಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ಅನೇಕ ಕುಟುಂಬಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ನೆಲೆಸಿದವು. ಅವರ ಸಂಗಡ ಕೋವಿಗಾರರೂ ಬಂದರು. ತಾಯ್ನಾಡಿನಲ್ಲಿ ಅವರು ಕಟ್ಟುತ್ತಿದ್ದುದು ‘ಯೇಗರ್’ ಎಂಬ ಬೇಟೆಯ ಕೋವಿ. ಅದು ಗಿಡ್ಡ, ಅದರ ಗುಂಡು ದಪ್ಪ. ಹೊಸ ನಾಡಿನ ಬದುಕು ಬೇರೆಯಾಗಿತ್ತು. ಕಾಡು ದೊಡ್ಡದು, ದಾರಿ ಉದ್ದ. ಸೀಸ ಮತ್ತು ಮದ್ದನ್ನು ಬೆನ್ನ ಮೇಲೆ ಹೊತ್ತು ತಿಂಗಳುಗಟ್ಟಲೆ ತಿರುಗಬೇಕು. ಆದುದರಿಂದ ಗುಂಡು ಕಿರಿದಾಯಿತು, ನಳಿಗೆ ನೀಳವಾಯಿತು. ಸುಮಾರು ಅರ್ಧ ಅಂಗುಲದ ಒಳವ್ಯಾಸ, 40 ಅಂಗುಲಕ್ಕೂ ಮೀರಿದ ಎಂಟು ಪಟ್ಟೆಯ ನಳಿಗೆ, ಅಲೆಯಲೆಯಾಗಿ ಎಳೆಗಳು ಹೊಳೆಯುವ ಮೇಪಲ್ ಮರದ ಹಿಡಿ, ಹಿತ್ತಾಳೆಯ ತೊಡಿಗೆಗಳು: ಹೀಗೆ ರೂಪುಗೊಂಡ ಕೋವಿಗೆ ಮುಂದೆ ‘ಕೆಂಟಕಿ ರೈಫಲ್’ ಎಂಬ ಹೆಸರು ಬಂದರೂ ಅದರ ತವರು ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಮತ್ತು ಅದರ ಆಸುಪಾಸಿನ ಊರುಗಳು.

ರೈಫಲ್ ಎಂಬ ಹೆಸರು ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿ ತೋಡುಗಳಿಂದ ಬಂದುದು. ಜಿಡ್ಡು ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿದ ಗುಂಡು ಆ ತೋಡುಗಳನ್ನು ಅನುಸರಿಸಿ ತಿರುಗುತ್ತ ಹೊರಬರುತ್ತದೆ. ಬುಗುರಿ ಹೇಗೆ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವುದೋ ಹಾಗೆಯೇ ತಿರುಗುವ ಗುಂಡು ತನ್ನ ದಾರಿಯನ್ನು ಬಿಡುವುದಿಲ್ಲ. ತೋಡಿಲ್ಲದ ಸೈನಿಕರ ಮಸ್ಕೆಟ್ ಕೋವಿಯ ಗುರಿ 300 ಅಡಿ ದಾಟಿದರೆ ನಂಬುವಂತಿರಲಿಲ್ಲ; ನುರಿತ ಕೈಯಲ್ಲಿ ರೈಫಲ್ಲು 600 ಅಡಿಯ ದೂರದಲ್ಲಿಯೂ ಗುರಿ ಮುಟ್ಟುತ್ತಿತ್ತು. ಆದರೆ ಮಸ್ಕೆಟ್ಟಿನವನು ನಿಮಿಷಕ್ಕೆ ಮೂರು ಈಡು ಹಾರಿಸಬಲ್ಲನಾದರೆ, ಗುಂಡನ್ನು ಬಿಗಿಯಾಗಿ ಜಡಿಯಬೇಕಾದ ರೈಫಲ್ಲಿನವನಿಗೆ ಒಂದು ಈಡಿಗೇ ಅಷ್ಟು ಹೊತ್ತು ಹಿಡಿಯುತ್ತಿತ್ತು. ಸ್ವಾತಂತ್ರ್ಯ ಸಮರ ಆರಂಭವಾದ 1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ಸು ಪೆನ್ಸಿಲ್ವೇನಿಯ, ಮೇರಿಲ್ಯಾಂಡ್ ಮತ್ತು ವರ್ಜೀನಿಯಗಳಿಂದ ರೈಫಲ್ಲುಗಾರರ 10 ತುಕಡಿಗಳನ್ನು ಕೂಡಿಸಲು ನಿರ್ಣಯಿಸಿದುದು ಈ ಗುರಿಕಾರಿಕೆಯನ್ನು ನಂಬಿಯೇ.

ಗುರುವಿನ ಮನೆ, ಶಿಷ್ಯನ ಕೈ

ಈ ಕಸುಬು ಗ್ರಂಥದಿಂದ ಹರಡಿದುದಲ್ಲ. ಕೈಯಿಂದ ಕೈಗೆ ಸಾಗಿದುದು. ಹುಡುಗನನ್ನು ಕರಾರುಪತ್ರದ ಮೂಲಕ ಕಸುಬುದಾರನ ಮನೆಗೆ ಒಪ್ಪಿಸುತ್ತಿದ್ದರು. ಸಾಮಾನ್ಯವಾಗಿ 21 ವರ್ಷ ತುಂಬುವವರೆಗೂ ಅವನು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ತಿದಿ ಒತ್ತುವುದರಿಂದ ಮೊದಲ್ಗೊಂಡು ಎಲ್ಲವನ್ನೂ ಕಲಿಯಬೇಕು. ಆ ಕರಾರುಪತ್ರಗಳಲ್ಲಿ ಗುರುವು ತನ್ನ ಕಸುಬಿನ ‘ಆರ್ಟ್’ ಮತ್ತು ‘ಮಿಸ್ಟರಿ’ ಎರಡನ್ನೂ ಕಲಿಸಿಕೊಡತಕ್ಕದ್ದೆಂಬ ಮಾತು ಬರುತ್ತದೆ. ಮಿಸ್ಟರಿ ಎಂಬ ಆ ಪದಕ್ಕೆ ಹಳೆಯ ಇಂಗ್ಲಿಷಿನವರಲ್ಲಿ ಕಸುಬು ಎಂಬ ಅರ್ಥವೂ ಇತ್ತು, ಮರ್ಮ ಎಂಬ ಅರ್ಥವೂ ಇತ್ತು. ಬಾಯಿಂದ ಹೇಳಬಹುದಾದದ್ದು ಕಲೆ. ಜೊತೆಗಿದ್ದು ಕಂಡುಕೊಳ್ಳಬೇಕಾದದ್ದು ಮರ್ಮ.

ಮೊರೇವಿಯನ್ ಎಂಬ ಕ್ರೈಸ್ತ ಪಂಥದವರ ಉದಾಹರಣೆ ಇಲ್ಲಿ ಗಮನಾರ್ಹವಾಗಿದೆ. ಜರ್ಮನಿಯ ಸೂಲ್ ಪಟ್ಟಣದ ಬಳಿ 1718ರಲ್ಲಿ ಹುಟ್ಟಿದ ಆಂಡ್ರಿಯಾಸ್ ಆಲ್ಬ್ರೆಕ್ಟನು 1750ರಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದು, ಈ ಪಂಥದ ಅವಿವಾಹಿತ ಸೋದರರು ಒಟ್ಟಾಗಿ ಬಾಳುತ್ತಿದ್ದ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ನೆಲೆಯಲ್ಲಿ ಹುಡುಗರಿಗೆ ಕೋವಿಯ ಕಸುಬನ್ನು ಕಲಿಸಿದನು. ಯುದ್ಧಕ್ಕೆ ವಿಮುಖರಾದ ಜನರ ಧಾರ್ಮಿಕ ನೆಲೆಯೊಂದರಲ್ಲಿ ಕೋವಿಯ ಶಾಲೆ ನಡೆಯಿತೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ಕಾಡಿನ ಅಂಚಿನ ಆ ಬದುಕಿನಲ್ಲಿ ಕೋವಿ ನೇಗಿಲು ಕೊಡಲಿಗಳ ಸಾಲಿನಲ್ಲಿ ನಿಂತ ಮನೆಯ ಸಾಧನವೂ ಆಗಿತ್ತು.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಆ ಕಾಲದಲ್ಲಿಯೂ ಕೋವಿಯ ಎಲ್ಲ ಅಂಗಗಳನ್ನೂ ಒಬ್ಬನೇ ಮಾಡುವುದು ಅಪರೂಪ. ಬೆಂಕಿ ಹೊತ್ತಿಸುವ ಚಾಪನ್ನು ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ತರಿಸಿ ಜೋಡಿಸುವುದು ಸಾಮಾನ್ಯವಾಗಿತ್ತು. ನಳಿಗೆಯನ್ನು ಬಡಿದು ಕೊಡುವವರೂ ಬೇರೆ ಇರುತ್ತಿದ್ದರು. ಅಂದರೆ ಇಡೀ ಕೋವಿಯ ಜ್ಞಾನ ಒಬ್ಬ ವ್ಯಕ್ತಿಯಲ್ಲಿರದೆ ಒಂದು ಸಮಾಜದಲ್ಲಿ ಹರಡಿಕೊಂಡಿತ್ತು.

ನಿರ್ಮಾಣದ ಕ್ರಮ

ಮೊದಲನೆಯದು ನಳಿಗೆ. ಮೃದು ಕಬ್ಬಿಣದ ಉದ್ದವಾದ ದಪ್ಪ ಪಟ್ಟಿಯನ್ನು ಕಾಯಿಸಿ, ಸರಳೊಂದರ ಸುತ್ತ ಬಾಗಿಸಿ, ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಒಂದು ಕಾವಿಗೆ ಕೆಲವೇ ಅಂಗುಲ ಬೆಸುಗೆಯಾಗುತ್ತದೆ. ಕಾವು ಸಾಲದಿದ್ದರೆ ಬೆಸುಗೆ ಹಿಡಿಯದು. ಮಿತಿ ಮೀರಿದರೆ ಕಬ್ಬಿಣವೇ ಉರಿದುಹೋಗುವುದು. ಇವೆರಡರ ನಡುವಣ ಕ್ಷಣವನ್ನು ಅಳೆಯಲು ಕುಲುಮೆಯವನ ಬಳಿ ಇರುವ ಮಾಪಕವೆಂದರೆ ಅವನ ಕಣ್ಣೊಂದೇ. ಬೆಂಕಿಯ ಬಣ್ಣ, ಕಬ್ಬಿಣದ ಮೈಯ ಪಸೆ, ಹಾರುವ ಕಿಡಿಯ ರೀತಿ ಇವುಗಳಿಂದ ಅವನು ಹದವನ್ನು ಅರಿಯುತ್ತಾನೆ. ಇಕ್ಕಳದಿಂದ ಎತ್ತಿ ಅಡಿಗಲ್ಲಿನ ಮೇಲಿಟ್ಟು ಬಡಿಯಲು ಸಿಗುವ ಅವಕಾಶ ಕೆಲವು ಉಸಿರುಗಳಷ್ಟು ಮಾತ್ರ. ಬೆಸುಗೆಯಲ್ಲಿ ಒಂದೆಡೆ ಸುಳ್ಳು ಉಳಿದರೂ ಅದು ಹೊರಗೆ ಕಾಣದೆ, ಕೋವಿ ಹಾರಿಸುವವನ ಮುಖದ ಬಳಿ ಒಂದು ದಿನ ಬಯಲಾಗುತ್ತದೆ.

ಇದೇ ಸಮಸ್ಯೆಯನ್ನು ನಮ್ಮ ದೇಶದ ಕುಶಲರೂ ಎದುರಿಸಿದ್ದರು. 16ನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ರಚಿಸಿದ ‘ಐನ್-ಎ-ಅಕ್ಬರಿ’ಯಲ್ಲಿ, ಕಬ್ಬಿಣದ ಹಾಳೆಯನ್ನು ಓರೆಯಾಗಿ ಸುತ್ತಿ, ಅಂಚುಗಳು ಒಂದರ ಮೇಲೊಂದು ಬರುವಂತೆ ಬೆಸೆಯುವ ನಳಿಗೆಯ ವಿಧಾನವೂ, ಎತ್ತಿನ ಬಲದಿಂದ ತಿರುಗುವ ಚಕ್ರದಿಂದ ಒಮ್ಮೆಗೆ 16 ನಳಿಗೆಗಳನ್ನು ಶುಚಿಗೊಳಿಸುವ ಯಂತ್ರವೂ ವರ್ಣಿತವಾಗಿವೆ. ದೇಶ ಬೇರೆ, ಮಾರ್ಗ ಬೇರೆ. ಆದರೆ ಬೆಸುಗೆಯ ಭಯ ಒಂದೇ.

ಬೆಸೆದ ನಳಿಗೆಯ ಟೊಳ್ಳನ್ನು ಕೊರೆದು ಒಂದೇ ಸಮನಾಗಿಸಬೇಕು. ಅನಂತರ ಅದನ್ನು ಬೆಳಕಿನತ್ತ ಹಿಡಿದು ಒಳಗಿನ ನೆರಳನ್ನು ನೋಡಿ ಎಲ್ಲಿ ಡೊಂಕಿದೆಯೆಂದು ಗುರುತಿಸಿ ಬಡಿದು ತಿದ್ದಬೇಕು. ಹೊರಮೈಯನ್ನು ಅರದಿಂದ ಉಜ್ಜಿ ಎಂಟು ಪಟ್ಟೆ ತೆಗೆಯಬೇಕು. ಕೊನೆಗೆ ಸುರುಳಿ ತೋಡುಗಳು. ದೊಡ್ಡ ಮರದ ಉರುಳೆಯೊಂದರ ಮೇಲೆ ಮೊದಲೇ ಕೆತ್ತಿದ ಸುರುಳಿಯೇ ಇಲ್ಲಿ ದಾರಿ ತೋರಿಸುತ್ತದೆ. ಅದನ್ನು ತಳ್ಳಿ ಎಳೆದಂತೆಲ್ಲ ನೀಳ ಸರಳಿನ ತುದಿಯ ಪುಟ್ಟ ಅಲಗು ನಳಿಗೆಯೊಳಗೆ ತಿರುಗುತ್ತ ಸಾಗಿ ಕೂದಲೆಳೆಯಷ್ಟು ಕಬ್ಬಿಣವನ್ನು ಹೆರೆಯುತ್ತದೆ. ಒಂದು ತೋಡು ಮುಗಿಯಲು ಎಷ್ಟೋ ಸಲ ಎಳೆಯಬೇಕು; ಅಂತಹ ಏಳೆಂಟು ತೋಡುಗಳು ಬೇಕು. ಇಲ್ಲಿ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ತಾಳ್ಮೆ.

ಎರಡನೆಯದು ಚಾಪು. ಕುದುರೆಯ ದವಡೆಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ಮುಖಕ್ಕೆ ಬಡಿದು ಕಿಡಿಯೆಬ್ಬಿಸುತ್ತದೆ. ಕಿಡಿ ಬಟ್ಟಲಿನ ರಂಜಕಕ್ಕೆ ತಗುಲಿ, ಆ ಉರಿ ನಳಿಗೆಯ ಕಿರುಗಿಂಡಿಯಿಂದ ಒಳಗಿನ ಮದ್ದನ್ನು ಮುಟ್ಟುತ್ತದೆ. ಇದರ ಬಿಲ್ಲುಗಳ ಹದ ಬಹು ಸೂಕ್ಷ್ಮ. ಉಕ್ಕು ಹೆಚ್ಚು ಗಡುಸಾದರೆ ಬಿಲ್ಲು ಗಾಜಿನಂತೆ ಮುರಿಯುತ್ತದೆ, ಮೆತ್ತಗಾದರೆ ಬಾಗಿಯೇ ಉಳಿಯುತ್ತದೆ. ಗಡುಸುತನ ಮತ್ತು ಬಾಗುವ ಗುಣ ಎರಡನ್ನೂ ಒಂದೇ ಲೋಹದ ತುಣುಕಿನಲ್ಲಿ ನೆಲೆಗೊಳಿಸುವುದೇ ಹದ.

ಮೂರನೆಯದು ಮರ. ಮೇಪಲ್ ಮರದ ಹಲಗೆಯಲ್ಲಿ ನಳಿಗೆ ಕೂರುವ ತೋಡನ್ನು ಉಳಿಯಿಂದ ತೆಗೆಯುವಾಗ ನಳಿಗೆಯ ಮೈಗೆ ದೀಪದ ಮಸಿ ಬಳಿದು ಒತ್ತುತ್ತಾರೆ. ಮಸಿ ಹತ್ತಿದ ಉಬ್ಬನ್ನಷ್ಟೇ ಕೆತ್ತಿ ಮತ್ತೆ ಒತ್ತುತ್ತಾರೆ. ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲು ನುಸುಳದಂತಾಗುವವರೆಗೆ ಈ ಕ್ರಮ ನಡೆಯುತ್ತದೆ. ಆಮೇಲೆ ಹಿತ್ತಾಳೆಯನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ತೊಡಿಗೆ ಮಾಡುವುದು, ಬಳ್ಳಿಯ ಕೆತ್ತನೆ, ಬೆಳ್ಳಿಯ ಕೂರಿಕೆ, ಅಗಸೆ ಎಣ್ಣೆಯ ಲೇಪ. ಹೀಗೆ ಕಮ್ಮಾರ, ಕಂಚುಗಾರ, ಬಡಗಿ, ಅಕ್ಕಸಾಲಿಗ ಈ ನಾಲ್ವರ ವಿದ್ಯೆಯೂ ಒಂದು ಕೋವಿಯಲ್ಲಿ ಸಂಗಮಿಸುತ್ತದೆ. ಇದಕ್ಕೆ ತಗಲುವ ಕಾಲ ನೂರಾರು ಗಂಟೆಗಳು.

ಪರಂಪರೆ ಕಡಿದ ಬಗೆ

19ನೆಯ ಶತಮಾನದಲ್ಲಿ ಕಾಲ ಬದಲಾಯಿತು. ಚಕಮಕಿಯ ಸ್ಥಾನಕ್ಕೆ ಕೇಪು ಬಂದಿತು. ಶತಮಾನದ ಉತ್ತರಾರ್ಧದಲ್ಲಿ ಹಿಂಬದಿಯಿಂದ ತೋಟೆ ತುಂಬುವ ಕೋವಿಗಳು ಕಾರ್ಖಾನೆಗಳಿಂದ ಸಾವಿರಗಟ್ಟಲೆ ಹೊರಬಂದವು. ಕೈಕಸುಬಿನವನು ಮೊದಲು ನಳಿಗೆಯನ್ನು ಕೊಂಡು ತಂದನು, ಆಮೇಲೆ ಚಾಪನ್ನು ಕೊಂಡನು, ಕೊನೆಗೆ ದುರಸ್ತಿಗಷ್ಟೇ ಉಳಿದನು. ವಿದ್ಯೆ ನಾಶವಾಗುವ ಕ್ರಮ ಸಾಮಾನ್ಯವಾಗಿ ಇಂತಹುದೇ. ಯಾರೂ ಅದನ್ನು ನಿಷೇಧಿಸುವುದಿಲ್ಲ, ಯಾರೂ ಅದನ್ನು ಕೊಲ್ಲುವುದಿಲ್ಲ. ಅತ್ಯಂತ ಕಷ್ಟದ ಭಾಗವನ್ನು ಮೊದಲು ಬಿಡುತ್ತಾರೆ. ಅದು ಹೋದದ್ದು ಮನೆಯವರಿಗೂ ತಿಳಿಯುವುದಿಲ್ಲ.

ಅಪಲಾಚಿಯನ್ ಬೆಟ್ಟಸೀಮೆಯ ಕೆಲವು ಕೋವಿಗಾರರು 20ನೆಯ ಶತಮಾನದಲ್ಲಿಯೂ ಹಳೆಯ ರೀತಿಯನ್ನು ಉಳಿಸಿಕೊಂಡಿದ್ದರು. 1933ರಲ್ಲಿ ಬಾಯಿಮದ್ದಿನ ಕೋವಿಯ ಅಭಿಮಾನಿಗಳ ರಾಷ್ಟ್ರೀಯ ಸಂಘವೂ ಸ್ಥಾಪಿತವಾಯಿತು. ಆದರೂ ಕಬ್ಬಿಣದ ಪಟ್ಟಿಯಿಂದ ನಳಿಗೆ ಬೆಸೆದು, ಕೊರೆದು, ತೋಡೆಳೆದು ಸಂಪೂರ್ಣ ಕೋವಿಯನ್ನು ಹಳೆಯ ಹತಾರಗಳಿಂದಲೇ ಮುಗಿಸಬಲ್ಲ ಕೈ ಕಾಣಸಿಗದಂತಾಯಿತು.

ವಿಲಿಯಮ್ಸ್‌ಬರ್ಗಿನ ಪ್ರಯೋಗ

ವರ್ಜೀನಿಯದ ವಿಲಿಯಮ್ಸ್‌ಬರ್ಗ್ ನಗರವು 1699ರಿಂದ 1780ರವರೆಗೆ ಆ ಪ್ರಾಂತದ ರಾಜಧಾನಿಯಾಗಿತ್ತು. ಪಾಳುಬಿದ್ದ ಅದರ ಹಳೆಯ ಕಟ್ಟಡಗಳ ಜೀರ್ಣೋದ್ಧಾರವು ಪಾದ್ರಿ ಗುಡ್‌ವಿನ್ನರ ಆಸಕ್ತಿ ಮತ್ತು ಕಿರಿಯ ಜಾನ್ ಡಿ. ರಾಕ್‌ಫೆಲರರ ಧನಸಹಾಯದಿಂದ 1926ರಲ್ಲಿ ಆರಂಭವಾಯಿತು. ಮನೆಗಳನ್ನು ಎತ್ತಿ ನಿಲ್ಲಿಸಿದರಷ್ಟೇ ಊರು ಬದುಕಿದಂತಾಗದು. ಅಲ್ಲಿ ನಡೆಯುತ್ತಿದ್ದ ಕಸುಬುಗಳೂ ನಡೆಯಬೇಕೆಂದು ಅಲ್ಲಿಯವರು ಬಗೆದರು. ಅದೇ ಊರಿನಲ್ಲಿ ಗೆಡ್ಡಿ ಮನೆತನದ ಡೇವಿಡ್ ಮತ್ತು ವಿಲಿಯಂ ಸೋದರರು ಕೋವಿಯ ನಳಿಗೆಗಳನ್ನು ಕೊರೆದು ಸುರುಳಿ ತೋಡೆಳೆದು ಕೊಡುವುದಾಗಿ 1751ರ ವೃತ್ತಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರು.

1962ರಲ್ಲಿ ವಾಲೇಸ್ ಗಸ್ಲರ್ ಎಂಬ ಎಳೆಯ ವಯಸ್ಸಿನ ಕುಶಲಿ ಇಲ್ಲಿಯ ಕೋವಿಯ ಕಮ್ಮಟಕ್ಕೆ ಬಂದರು. ಕಲಿಸಬಲ್ಲ ಗುರು ಉಳಿದಿರಲಿಲ್ಲ. ಗ್ರಂಥಗಳು ಇಲ್ಲದಿರಲಿಲ್ಲ, 18ನೆಯ ಶತಮಾನದ ಫ್ರೆಂಚ್ ವಿಶ್ವಕೋಶದಲ್ಲಿ ಕೋವಿಗಾರನ ಹತಾರಗಳ ಅಂದವಾದ ಚಿತ್ರಪಟಗಳೇ ಇವೆ. ಆದರೆ ಚಿತ್ರದಲ್ಲಿ ಸುತ್ತಿಗೆ ಕಾಣುತ್ತದೆ, ಏಟಿನ ತೂಕ ಕಾಣುವುದಿಲ್ಲ. ಬೆಂಕಿ ಕಾಣುತ್ತದೆ, ಅದರ ಬಣ್ಣ ಕಾಣುವುದಿಲ್ಲ.

ಹೀಗಿರುವಾಗ ಉಳಿದಿದ್ದ ಗುರುವೆಂದರೆ ಹಳೆಯ ಕೋವಿಯೇ. ಹಳೆಯ ಕೋವಿಯ ಹೊರಮೈ ನಯವಾಗಿ ಉಜ್ಜಿದ್ದು; ಅಲ್ಲಿ ಕೆಲಸದ ಗುರುತು ಅಳಿಸಿಹೋಗಿರುತ್ತದೆ. ನಳಿಗೆಯನ್ನು ಮರದಿಂದ ಬಿಡಿಸಿ ಮಗುಚಿದರೆ ಅರದ ಒರಟು ಗೆರೆಗಳೂ, ಬೆಸುಗೆಯ ಸುಳಿವೂ, ಮರದ ತೋಡಿನಲ್ಲಿ ಉಳಿಯ ಕಚ್ಚುಗಳೂ ಹಾಗೆಯೇ ಉಳಿದಿರುತ್ತವೆ. ತೋರುವ ಮುಖ ಕೊಳ್ಳುವವನಿಗೆ, ಮರೆಯ ಮುಖ ಕಲಿಯುವವನಿಗೆ. ಪಾಠಾಂತರಗಳನ್ನೂ ಲಿಪಿಕಾರನ ಸ್ಖಾಲಿತ್ಯಗಳನ್ನೂ ಪರಿಶೀಲಿಸಿ ಓಲೆಯ ಪ್ರತಿಯಿಂದ ಮೂಲಪಾಠವನ್ನು ಕಂಡುಕೊಳ್ಳುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಒಂದು ಭೇದ ಮಾತ್ರ ಉಂಟು. ಸಂಪಾದಕನ ಊಹೆ ತಪ್ಪಿದರೆ ವಿದ್ವಾಂಸರು ಚರ್ಚಿಸುತ್ತಾರೆ. ಕೋವಿಗಾರನ ಊಹೆ ತಪ್ಪಿದರೆ ನಳಿಗೆ ಸಿಡಿಯುತ್ತದೆ.

ಗಸ್ಲರರು ಈ ಪರೀಕ್ಷೆಯಲ್ಲಿ ಉತ್ತೀರ್ಣರಾದರು. 18ನೆಯ ಶತಮಾನದ ಹತಾರ ಮತ್ತು ವಿಧಾನಗಳಿಂದಲೇ ಇಡೀ ರೈಫಲ್ಲನ್ನು ಆಧುನಿಕ ಕಾಲದಲ್ಲಿ ಮೊದಲಿಗೆ ನಿರ್ಮಿಸಿದವರೆಂಬ ಕೀರ್ತಿ ಅವರದು. ಕಬ್ಬಿಣದ ಪಟ್ಟಿಯಿಂದ ಕೊನೆಯ ಕೆತ್ತನೆಯವರೆಗಿನ ಆ ಕ್ರಮವು 1969ರಲ್ಲಿ ಹೊರಬಂದ ‘ದಿ ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಎಂಬ ಚಲನಚಿತ್ರದಲ್ಲಿ ದಾಖಲಾಗಿದೆ. ಆದರೆ ಚಿತ್ರಕ್ಕಿಂತ ಮಿಗಿಲಾದುದು ಅನಂತರ ನಡೆದದ್ದು. ಅವರ ಬಳಿ ಗ್ಯಾರಿ ಬ್ರಂಫೀಲ್ಡ್ ಮೊದಲಾದವರು ಕಲಿತರು. ಕಲಿತವರು ತಾವೂ ಕಲಿಸಿದರು. ಗಸ್ಲರರು ಹಳೆಯ ಪೀಠೋಪಕರಣಗಳ ಅಧ್ಯಯನದತ್ತ ತಿರುಗಿದಾಗಲೂ ಕುಲುಮೆ ಆರಲಿಲ್ಲ. ಒಬ್ಬನ ಸಾಧನೆ ಅವನೊಡನೆ ಮುಗಿದರೆ ಅದು ಸಾಹಸ. ಇನ್ನೊಬ್ಬನ ಕೈಗೆ ದಾಟಿದರೆ ಅದು ವಿದ್ಯೆ.

ಶಾಲಾ ಮಕ್ಕಳ ಪತ್ರಿಕೆ

ಈ ಕಥೆಯ ಮತ್ತೊಂದು ಎಳೆ ಶಾಲೆಯೊಂದಕ್ಕೆ ಸಂಬಂಧಿಸಿದುದು. ಜಾರ್ಜಿಯ ರಾಜ್ಯದ ಬೆಟ್ಟಸೀಮೆಯ ರೇಬನ್ ಗ್ಯಾಪ್–ನಕೂಚಿ ಶಾಲೆಯ ವಿದ್ಯಾರ್ಥಿಗಳು 1966ರಲ್ಲಿ ‘ಫಾಕ್ಸ್‌ಫೈರ್’ ಎಂಬ ಪತ್ರಿಕೆಯನ್ನು ಹೊರಡಿಸಲು ತೊಡಗಿದರು. ತಮ್ಮ ಊರಿನ ವೃದ್ಧರ ಮನೆಗಳಿಗೆ ಹೋಗಿ, ಅವರ ಕಸುಬು ಮತ್ತು ಬಾಳುವೆಯ ರೀತಿಯನ್ನು ಕೇಳಿ ಬರೆದುಕೊಂಡು ಪ್ರಕಟಿಸುವುದೇ ಅದರ ಕೆಲಸ. ಆ ಬರಹಗಳು 1972ರಿಂದ ಗ್ರಂಥಗಳಾಗಿ ಬಂದು ಅಮೆರಿಕದಾದ್ಯಂತ ಓದುಗರನ್ನು ಪಡೆದವು. 1979ರಲ್ಲಿ ಬಂದ ಐದನೆಯ ಸಂಪುಟದಲ್ಲಿ ಕಬ್ಬಿಣ ತೆಗೆಯುವುದು, ಕಮ್ಮಾರಿಕೆ ಮತ್ತು ಚಕಮಕಿ ಕೋವಿಯ ನಿರ್ಮಾಣ ಇವುಗಳೇ ಮುಖ್ಯ ವಿಷಯಗಳು. ಪಂಡಿತರು ಕಡೆಗಣಿಸಿದುದನ್ನು ಮಕ್ಕಳು ಉಳಿಸಿದರೆಂದರೆ ಅತಿಶಯೋಕ್ತಿಯಲ್ಲ. ಊರಿನ ಮುದುಕನೂ ಒಂದು ಪಠ್ಯವೆಂದು ಅವರಿಗೆ ತೋರಿಸಿಕೊಟ್ಟುದೇ ಆ ಶಿಕ್ಷಣದ ಸಾರ.

ಒಂದು ಆಕ್ಷೇಪ

ಇಷ್ಟೆಲ್ಲ ಕೊಂಡಾಡಿದರೂ ಕೋವಿ ಕೊಲ್ಲುವ ಸಾಧನವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಶ್ನೆ ನ್ಯಾಯವಾದುದು, ಅದನ್ನು ಅಡಗಿಸುವುದು ಸಲ್ಲದು. ನೀಳ ಕೋವಿ ಕಾಡಿನಂಚಿನ ಮನೆಗಳಿಗೆ ಅನ್ನ ತಂದುದು ನಿಜ. ಆ ಕಾಡಿನ ಮೂಲನಿವಾಸಿಗಳನ್ನು ಅವರ ನೆಲದಿಂದ ಹೊರದೂಡಿದ ಕೈಗಳಲ್ಲಿಯೂ ಅದು ಇದ್ದುದು ಅಷ್ಟೇ ನಿಜ. ಕುಶಲತೆ ತಾನಾಗಿಯೇ ಧರ್ಮವಾಗುವುದಿಲ್ಲ. ಸುಂದರವಾಗಿ ಮಾಡಿದ ವಸ್ತುವಿನ ಬಳಕೆ ಸುಂದರವಾಗಿಯೇ ಇರುತ್ತದೆಂಬ ಭರವಸೆ ಯಾವ ಕುಲುಮೆಯಲ್ಲಿಯೂ ದೊರೆಯದು.

ಆದರೆ ಇಂದು ಹೀಗೆ ಕಟ್ಟುವ ಕೋವಿ ಯುದ್ಧಕ್ಕೆ ಬೇಕಾದುದಲ್ಲ. ಒಂದು ಈಡಿಗೆ ಅಷ್ಟು ಹೊತ್ತು ಬೇಡುವ ಆಯುಧವನ್ನು ಯಾವ ಸೈನ್ಯವೂ ಬಯಸದು. ಅದನ್ನು ಕಟ್ಟುವುದರಿಂದ ಉಳಿಯುವುದು ಅದರ ಹಿಂದಿನ ನಾಲ್ಕಾರು ವಿದ್ಯೆಗಳು: ಕಬ್ಬಿಣದ ಹದ, ಎರಕದ ಹದ, ಮರದ ಎಳೆಯ ಅರಿವು, ಕೆತ್ತನೆಯ ಕೈ. ಇದೇ ವಿದ್ಯೆಗಳು ನೇಗಿಲ ಕುಳದಲ್ಲಿಯೂ, ಬೀಗದಲ್ಲಿಯೂ, ದೇವಾಲಯದ ಬಾಗಿಲ ಚಿಲಕದಲ್ಲಿಯೂ ಇರತಕ್ಕವು. ವಿದ್ಯೆಯನ್ನು ಉಳಿಸಿ ಬಳಕೆಯನ್ನು ವಿವೇಕಕ್ಕೆ ಒಪ್ಪಿಸುವುದು ಸಾಧ್ಯ. ವಿದ್ಯೆಯೇ ಅಳಿದ ಮೇಲೆ ವಿವೇಕಕ್ಕೆ ಕೆಲಸವೇ ಇರುವುದಿಲ್ಲ.

ಉಪಸಂಹಾರ

ನಮ್ಮ ಊರುಗಳ ಕುಲುಮೆಗಳಲ್ಲಿಯೂ ಬೆಂಕಿ ಆರುತ್ತ ಬಂದಿದೆ. ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಬಿಗಿಯುವವನು, ಕುಡುಗೋಲಿಗೆ ಹದ ಹಾಕುವವನು, ಮಗ್ಗ ಹೂಡುವವನು, ಓಲೆಯ ಮೇಲೆ ಕಂಠದಿಂದ ಬರೆಯುವವನು ಇವರೆಲ್ಲರ ಕೈಯಲ್ಲಿ ಗ್ರಂಥಕ್ಕೆ ಇಳಿಯದ ಮರ್ಮಗಳಿವೆ. ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು ಕಲಿಯುವುದು ಸುಲಭ. ಅವರು ಹೋದ ಮೇಲೆ ಅವರು ಮಾಡಿಟ್ಟ ವಸ್ತುವನ್ನು ಮಗುಚಿ, ಅರದ ಗೆರೆಯಿಂದ ಅವರ ಮನಸ್ಸನ್ನು ಓದಬೇಕಾಗುತ್ತದೆ. ವಿಲಿಯಮ್ಸ್‌ಬರ್ಗಿನಲ್ಲಿ ಅದು ಸಾಧ್ಯವಾಯಿತು. ಅಲ್ಲಿ ಓದಲು ಹಳೆಯ ಕೋವಿಗಳು ಉಳಿದಿದ್ದವು, ಓದುವ ತಾಳ್ಮೆಯ ಒಬ್ಬ ಯುವಕನಿದ್ದನು, ಆ ತಾಳ್ಮೆಗೆ ಅನ್ನವಿಟ್ಟು ಕಾದ ಒಂದು ಸಂಸ್ಥೆಯಿತ್ತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಬೆಸುಗೆ ಹಿಡಿಯುತ್ತಿರಲಿಲ್ಲ.